ಷರಾ

ಜೀಪಿನ ಡೀಸೆಲ್ಲು ಹೆಪ್ಪುಗಟ್ಟಿ,
ಅದರ ಹೊಟ್ಟೆಯಡಿ ಬೆಂಕಿ ಹಿಡಿದು, ಕರಗಿಸಿ, ಬೈದು,
ಖಾಂಗಾಯ್ ಬೆಟ್ಟದ ಬೆನ್ನಿಗೆ ಯಂಜ್ಮಾಳ ಉಣ್ಣೆಗುಡಾರ ಮುಟ್ಟಿದಾಗ
ಹೊತ್ತು ನೆತ್ತಿಗೆ ಬಂದಿತ್ತು.
ಬಿಸಿಲಿತ್ತು, ಬಿಸಿಯಿರಲಿಲ್ಲ.

ಜುಡ್ ಎನ್ನುತ್ತೇವೆ ಇದಕ್ಕೆ.
ಹಿಮ ಬಿದ್ದು, ಒಂದು ಹಗಲು ಕರಗಿದಂತೆ ಮಾಡಿ,
ರಾತ್ರಿ ಮತ್ತೆ ಗಟ್ಟಿಯಾಗಿ
ಹುಲ್ಲಿನ ಮೇಲೆ ಗಾಜಿನ ಮುಚ್ಚಳ.
ಕುರಿಗೆ ಹುಲ್ಲು ಕಾಣುತ್ತದೆ,
ಬಾಯಿಗೆ ಎಟುಕುವುದಿಲ್ಲ.
ಕೆರೆದು ಕೆರೆದು ಗೊರಸು ನೆತ್ತರಾಗಿ
ನಿಂತಲ್ಲೇ ಒಂದಕ್ಕೊಂದು ಒರಗಿ
ಒಂದರ ಉಣ್ಣೆ ಇನ್ನೊಂದು ತಿಂದು

ಕೊಟ್ಟಿಗೆಯ ಪಕ್ಕ ಸೌದೆಯಂತೆ ಒಟ್ಟಿದ್ದರು.
ಕಾಲೆಲ್ಲ ಒಂದೇ ಕಡೆ,
ಎಣಿಸುವವನಿಗೆ ಸುಲಭವಾಗಲೆಂದು.
ಎಣಿಸುವವನು ನಾನು, ಸುಮ್ ಕಚೇರಿಯ ಗುಮಾಸ್ತ.
ಇಷ್ಟು ಎಂದು ಎಣಿಸಿರಲಿಲ್ಲ.

ಕುರಿ ಇನ್ನೂರ ಹನ್ನೆರಡು. ಮೇಕೆ ತೊಂಬತ್ತು.
ದನ ಹದಿನಾಲ್ಕು. ಕುದುರೆ ಆರು.
ಒಂಟೆ ಅವಳಿಗೆ ಎಂದೂ ಇರಲಿಲ್ಲ.
"ಸೊನ್ನೆ ಬರೆ," ಅಂದಳು,
"ಒಂದು ಮನೆಯಾದರೂ ನಷ್ಟವಿಲ್ಲದೆ ಇರಲಿ."
ಹೆಬ್ಬೆಟ್ಟಿಗೆ ಮಸಿ ಹಚ್ಚಲು ಹೋದೆ. ಕೈ ಹಿಂದೆಗೆದಳು.
"ಉಳಿದದ್ದು?"
"ಅದಕ್ಕೆ ಕಾಲಂ ಇಲ್ಲ, ಅಕ್ಕಾ."
"ಯಾರು ಮಾಡಿದ ಕಾಗದ ಇದು?"
"ರಾಜಧಾನಿಯವರು."
"ಅರ್ಧ ಲೆಕ್ಕಕ್ಕೇ ಶಾಲೆ ಬಿಟ್ಟರೇನು ಅವರು?"

ತುದಿಯಲ್ಲಿ ಬೆರಳಗಲ ಜಾಗ: ಷರಾ.
ಅದನ್ನು ತೋರಿಸಿದ್ದೇ ತಪ್ಪಾಯಿತು.

"ಬರೆ. ಮೇಕೆ ಮೂರು, ಒಂದು ಗಬ್ಬ.
ಒಕ್ಕಣ್ಣಿನ ಹೆಣ್ಣುಕುದುರೆ.
ನಾಯಿ. ಕಚ್ಚುತ್ತದೆ, ಆದರೂ ಬರೆ.
ಅಳಿಯ ಸೆಂಗೆಯ ಕಾಲ್ಬೆರಳು, ಏಳು.
ಆಚೆ ಕಣಿವೆಯ ಪೆರೆನ್‌ಲೈ,
ಹದಿನೇಳು ವರ್ಷದಿಂದ ಮಾತಿಲ್ಲ, ಬಾವಿಯ ಜಗಳ,
ಎರಡು ಹೊರೆ ಹುಲ್ಲು ಇಳಿಸಿ
ಮಾತಾಡದೆಯೇ ಹೋದ.
ಹುಲ್ಲು ಮುಗಿದಿದೆ. ಅವನು ಬಂದದ್ದು ಬರೆ."

ಪೆನ್ನಿನ ಶಾಯಿ ಕಟ್ಟಿತ್ತು. ಉಸಿರೂದಿ ಊದಿ ಬರೆದೆ,
ಇರುವೆಗಿಂತ ಚಿಕ್ಕ ಅಕ್ಷರ.
ಮೇಲಿನವರು ಗೆರೆ ಎಳೆದು ಹೊಡೆದುಹಾಕುತ್ತಾರೆ, ಗೊತ್ತು.

ಗೂಟದಲ್ಲಿ ತೂಗುತ್ತಿತ್ತು ಒಂಬತ್ತು ಗುಳಿಯ ಮರದ ಸೌಟು,
ದಿನದ ಮೊದಲ ಹಾಲುಚಹಾ ಆಕಾಶಕ್ಕೆ ಎರಚುವ ಸೌಟು.
"ಈಗಲೂ ಎರಚುತ್ತೀಯಾ?" ಅಂದೆ. "ಕೊಟ್ಟದ್ದಕ್ಕೋ, ಕಿತ್ತುಕೊಂಡದ್ದಕ್ಕೋ?"
ದನಿ ಒರಟಾಗಿತ್ತು.
ನನ್ನ ಮನೆಯ ತೊಟ್ಟಿಲಲ್ಲಿ ಅಕ್ಟೋಬರಿನಿಂದ
ಮಡಿಸಿದ ಬಟ್ಟೆ ಇಡುತ್ತೇವೆ.

ಅವಳಿಗದು ಗೊತ್ತಿತ್ತೋ ಏನೋ.
"ಹಾಲೆಲ್ಲಿ? ಬರೀ ಬಿಸಿನೀರು," ಅಂದಳು.
"ಆಕಾಶ ನನಗೆ ಬಾಕಿದಾರ ಈ ವರ್ಷ.
ದಿನಾ ಹೋಗಿ ಬಾಗಿಲು ತಟ್ಟದಿದ್ದರೆ
ನಾನು ಇದ್ದೇನೆಂಬುದನ್ನೇ ಮರೆತೀತು."

ಹೊರಗೆ ಬಂದು ಎರಚಿ ತೋರಿಸಿದಳು.
ಒಂಬತ್ತು ಗುಳಿಯ ನೀರು ಗಾಳಿಯಲ್ಲೇ ಸಿಡಿದು ಬಿಳಿ ಹುಡಿಯಾಗಿ
ಬೀಳಲೇ ಇಲ್ಲ.
ಅದನ್ನು ನೋಡುತ್ತ ಅವಳು ಅತ್ತಳು.
ಸದ್ದಿಲ್ಲದೆ ಅಲ್ಲ, ಬಾಯಿ ಬಿಟ್ಟು, ಚೆನ್ನಾಗಿಯೇ.
ನಾನು ಒಳಗೆ ಹೋಗಿ ಒಲೆಗೆ ಬೆರಣಿ ಹಾಕುತ್ತ ಕೂತೆ.
ಒಲೆಯ ಹಿಂದೆ, ಅವಳ ಹಳೆ ಕೋಟು ಹೊದ್ದು,
ಗಬ್ಬದ ಮೇಕೆ ಕೆಮ್ಮಿತು.

ಮನೆ ಸೇರಿದಾಗ ಕತ್ತಲು.
"ಎಷ್ಟು?" ಅಂದಳು ಹೆಂಡತಿ, ಬೂಟು ಎಳೆಯುತ್ತ.
ಈ ಚಳಿಗಾಲವೆಲ್ಲ ಅದೇ ಪ್ರಶ್ನೆ,
ಈ ಚಳಿಗಾಲವೆಲ್ಲ ಸತ್ತದ್ದರ ಸಂಖ್ಯೆ ಹೇಳಿ ಮಲಗಿದ್ದೇನೆ.
"ಮೂರು ಮೇಕೆ," ಅಂದೆ. "ಒಂದು ಗಬ್ಬ."
ಅವಳು ಮುಖ ನೋಡಿದಳು.
ನೋಡುತ್ತಲೇ ಬಟ್ಟಲಿಗೆ ಚಹಾ ಬಗ್ಗಿಸಿದಳು,
ತುಂಬಿ, ತುಳುಕಿ, ಮೇಜಿನಂಚಿನಿಂದ ತೊಟ್ಟಿಕ್ಕಿತು.
ಇಬ್ಬರೂ ಒರೆಸಲು ಏಳಲಿಲ್ಲ.