ಒಂದು ಕೇಜಿ ತೂಕದ ಡ್ರ್ಯಾಗನ್

ಶಿಡ್ಲಘಟ್ಟದಲ್ಲಿ ಕರೆಂಟು ಹೋದರೆ
ನಮ್ಮ ಬೀದಿಯ ರಾಟೆಗಳೆಲ್ಲ ಒಟ್ಟಿಗೆ ಉಸಿರು ಬಿಡುತ್ತವೆ.
ಆಗ ನಾವು ಮಾಳಿಗೆ ಹತ್ತುತ್ತೇವೆ.
ಹಳೇ ಚಂದ್ರಂಕಿಯೊಂದನ್ನು ಮಧ್ಯೆ ಮಲಗಿಸಿ
ಅದರ ಬಿದಿರ ಸುರುಳಿಯೊಳಗೆ ದಾಳ ಎಸೆಯುತ್ತೇವೆ,
ಇಪ್ಪತ್ತು ಮುಖದ್ದು, ಇರುವುದು ಒಂದೇ.
ಹದಿನಾಲ್ಕು ಅಳಿಸಿಹೋಗಿದೆ. ಖಾಲಿ ಬಿದ್ದರೆ ಹದಿನಾಲ್ಕು.

ಕಥೆ ನಡೆಸುವವನು ನಾನು, ಮುದಸ್ಸಿರ್,
ರೀಲರ್ ಬಾಬಾಜಾನರ ಕೊನೇ ಮಗ.
ಹಾಲಿನ ಡೈರಿಯ ಹೇಮಂತ ಕತ್ತಿ ಹಿಡಿದ.
ಗೂಡು ತೂಗುವ ವೆಂಕಟರವಣ ಮಂತ್ರವಾದಿ.
ಹಮಾಲಿ ಮುನಿಶಾಮಿ ಕಳ್ಳನಾದ,
ಜೀವಮಾನದಲ್ಲಿ ಒಂದು ಗೂಡೂ ಕದ್ದವನಲ್ಲ, ಅದಕ್ಕೇ.

ಬೇಸಿನ್ನಿನ ಅಂಜಿನಮ್ಮಕ್ಕ ಮೆಟ್ಟಿಲ ಮೇಲೆ ಕೂತು
"ಉಳಿದಿರೋದು ಏನೈತೆ?" ಎಂದಳು.
ಉಳಿದಿದ್ದು ಒಂದು ಮರಿ ಡ್ರ್ಯಾಗನ್.
"ಅದು ಹಣ್ಣಲ್ವೇನೋ? ದಿಬ್ಬೂರಹಳ್ಳಿ ತಾವ ಬೆಳೀತಾರೆ.
ಒಳಗೆ ಎಳ್ಳು ಇರ್ತದೆ, ರುಚಿ ಇರಲ್ಲ."

ಅಲ್ಲಕ್ಕ, ಓತಿಕ್ಯಾತಕ್ಕೆ ರೆಕ್ಕೆ ಬಂದಂಗೆ.
ಬೆಂಕಿ ಉಗುಳುತ್ತೆ, ಆದರೆ ಚಿಕ್ಕದು.
"ಎಷ್ಟು ಚಿಕ್ಕದು?"
ಬೆಕ್ಕಿನಷ್ಟು ಅಂತ ನಿಯಮದಲ್ಲಿತ್ತು.
ಅವಳು ಬರಿಗೈಯನ್ನೇ ತೂಗಿ ನೋಡಿದಳು:
"ಒಂದು ಕೇಜಿ ಗೂಡಿನಷ್ಟು. ಬರ್ಕೋ."
ಹರಾಜು ಚೀಟಿಯ ಹಿಂದೆ ಬರೆದುಕೊಂಡೆ.

ದೊಡ್ಡ ಡ್ರ್ಯಾಗನ್ ಆಡುವುದು ಸುಲಭ,
ಸುಟ್ಟರೆ ಮುಗಿಯಿತು.
ಚಿಕ್ಕದಾದರೆ ಯಾರದೋ ಹೆಗಲು ಹುಡುಕಬೇಕು,
ಬಾಗಿಲ ಸಂದಿಯಲ್ಲಿ ತೂರಬೇಕು,
ಎಲ್ಲರಿಗಿಂತ ಮೊದಲು ವಾಸನೆ ಹಿಡಿದು ಹೇಳಬೇಕು,
ಹೇಳಿದ್ದನ್ನು ಯಾರೂ ಕೇಳದಿದ್ದರೆ
ಮತ್ತೆ ಹೇಳಬೇಕು.
ಇದನ್ನು ನಾನು ಅವಳಿಗೆ ಕಲಿಸಬೇಕಾಗಲಿಲ್ಲ.

"ಬೆಂಕಿ, ಕುದಿನೀರು, ಆವಿ, ಯಾವುದೂ ಇದನ್ನು ಸುಡುವುದಿಲ್ಲ"
ಎಂದು ಓದಿದೆ. ಓದಿದ ಮೇಲೆ ತಲೆ ಎತ್ತಲಿಲ್ಲ.
ಅವಳ ಬೆರಳ ತುದಿಗಳಲ್ಲಿ ಗೆರೆಗಳೇ ಇಲ್ಲ.
ರೇಷನ್ ಅಂಗಡಿಯ ಯಂತ್ರ ಮೂರು ಸಲ ಒತ್ತಿಸಿಕೊಂಡು
ನೀನು ಯಾರೋ ಗೊತ್ತಿಲ್ಲ ಅನ್ನುತ್ತದೆ.
ಬೇಸಿನ್ನು ನಮ್ಮದೇ.
"ಅದನ್ನ ಇನ್ನೊಂದ್ಸಲ ಓದು" ಎಂದಳು.
ಓದಿದೆ.

ಡ್ರ್ಯಾಗನ್ ಅಂದಮೇಲೆ ನಿಧಿ ಬೇಕು.
ಬಂಗಾರ ಅನ್ನು, ಎಂದ ಮುನಿಶಾಮಿ.
ವಜ್ರ ಅನ್ನು, ಬರೆಯೋಕೆ ಕಾಸಾ?
ಅವಳು ಸುಮಾರು ಹೊತ್ತು ಯೋಚಿಸಿದಳು.
"ತೂತು ಗೂಡು" ಎಂದಳು.
ಚಿಟ್ಟೆ ಕೊರೆದುಕೊಂಡು ಹೊರಟುಹೋದದ್ದು,
ಎಳೆ ಬಾರದ್ದು, ಹರಾಜಿನಲ್ಲಿ ಯಾರೂ ಕೈ ಹಾಕದ್ದು.
"ಒಂದು ಗುಡ್ಡ ಮಾಡಿಕ್ಕಂಡೈತೆ ನನ್ ಮರಿ.
ಅದರ ಮೇಲೇ ಮಲಗೋದು. ಮೆತ್ತಗಿರ್ತದೆ."
ಬೆಲೆ ಎಂಬ ಕಡೆ ನಾನು ಗೆರೆ ಎಳೆದು ಬಿಟ್ಟೆ.

ಗುಹೆಯ ಬಾಯಿಗೆ ಬಂದೆವು. ಒಳಗೆ ರಕ್ಕಸನ ಕೊಪ್ಪರಿಗೆ.
ಅದನ್ನು ಕುದಿಸಿದರೆ ಬಾಗಿಲು ತೆರೆಯುತ್ತದೆ,
ಹಾಗೆಂದು ಬರೆದವನು ನಾನೇ.
ಉಗುಳಕ್ಕ, ಉಗುಳು, ಎಂದರು ಮೂವರೂ.
ಅವಳು ದಾಳವನ್ನು ಮುಷ್ಟಿಯಲ್ಲೇ ಇಟ್ಟುಕೊಂಡು
"ಆಗಲ್ಲ" ಎಂದಳು. "ಜ್ವರಕ್ಕೆ ಕೂತೈತೆ.
ನಾಲ್ಕನೇ ಜ್ವರ. ಯಾರೂ ಮುಟ್ಟಬೇಡಿ."

ಯಾವ ನಿಯಮದಲ್ಲೂ ಇರದ ಮಾತು.
ಆದರೆ ಆ ಮಾಳಿಗೆಯ ಮೇಲೆ ಅದಕ್ಕೆ ಎದುರಾಡುವವರು ಯಾರು?
ಹುಳು ತಲೆಯೆತ್ತಿ ಕಲ್ಲಿನ ಹಾಗೆ ಕೂತಾಗ
ಸೊಪ್ಪು ಹಾಕಬಾರದು, ಕದಲಿಸಬಾರದು,
ಹಳೇ ಚರ್ಮ ತಾನಾಗಿ ಬಿಡಬೇಕು.
ಹೇಮಂತ ಕತ್ತಿ ಕೆಳಗಿಟ್ಟ.
ಮುನಿಶಾಮಿ ಬೀಡಿ ಆರಿಸಿದ, ಹೊಗೆ ತಾಗೀತು ಅಂತ.
ನಾವು ನಾಲ್ವರು ಗುಹೆಯ ಬಾಯಲ್ಲಿ
ಇಲ್ಲದ ಒಂದು ಪ್ರಾಣಿಗೆ ಕಾವಲು ಕೂತೆವು.
ಕೆಳಗೆ ಬೇಸಿನ್ನಿನ ನೀರು ಆರುತ್ತಿತ್ತು.

ಕರೆಂಟು ಬಂತು.
ಅಪ್ಪ ಕೂಗಿದರು. ಸೆರಗು ಸಿಕ್ಕಿಸಿ ಅವಳು ಇಳಿದಳು,
ದಾಳವನ್ನು ನನ್ನ ಕೈಗೆ ಕೊಟ್ಟು, ಎಸೆಯದೆಯೇ.
ಅದು ಬೆಚ್ಚಗಿತ್ತು.

ಮರುದಿನ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜಿನ ಗದ್ದಲ.
ಬೆನ್ನ ಮೇಲೆ ಮೂಟೆ ಹೊತ್ತ ಮುನಿಶಾಮಿ
ನನ್ನ ಪಕ್ಕ ಬಂದು ನಿಂತು, ಅತ್ತಿತ್ತ ನೋಡಿ,
ಕಿವಿಯ ಹತ್ತಿರ ಬಾಗಿ ಕೇಳಿದ:
"ಎದ್ದಿತಾ?"