ಬಲಗಡೆ ಸ್ಪೀಕರು

ರೆಕಾರ್ಡಿನ ಕೆಂಪು ಬಿಲ್ಲೆಯ ಮೇಲೆ ಅಚ್ಚಾದದ್ದು:
ಎಮಿಲಿಯಾ ಲೋಬೋ ಮತ್ತು ಸಂಗಡಿಗರು.
ಸಂಗಡಿಗರು ಅಂದರೆ ಚೂಡಾಮಣಿ, ಆಮೇಲೆ ನಾನು.
ಇಬ್ಬರಿಗೂ ಸೇರಿ ಒಂದೇ ಬಹುವಚನ.

ಹಾಸನದ ಟೆಲಿಫೋನ್ ಎಕ್ಸ್‌ಚೇಂಜು, ರಾತ್ರಿ ಪಾಳಿ,
ಕಿವಿಗೆ ಹೆಡ್‌ಸೆಟ್ಟು, ಕಾಲಿಗೆ ಉಣ್ಣೆಯ ಚೀಲ.
ಆಲೂಗಡ್ಡೆ ಮಂಡಿಯವರು ಮದರಾಸಿನ ರೇಟಿಗೆ ಕಾಯುವರು,
ಸಕಲೇಶಪುರದ ರೈಟರು ಮಂಗಳೂರಿಗೆ,
ಅರಕಲಗೂಡಿನವನೊಬ್ಬ ಹೆರಿಗೆಯ ಸುದ್ದಿಗೆ.
ಎಲ್ಲರಿಗೂ ನಾವು ಹೇಳುವುದು ಅದೇ:
ಲೈನಲ್ಲೇ ಇರಿ.
ನೂರು ಸಲ ಹೇಳಿ ಸವೆದ ಮಾತಿಗೆ
ಒಂದು ರಾತ್ರಿ ಎಮಿಲಿಯಾ ರಾಗ ಹಾಕಿದಳು.
'ರಿ' ತೆಗೆದು 'ರು' ಇಟ್ಟಳು: ಲೈನಲ್ಲೇ ಇರು.
ಅಷ್ಟಕ್ಕೇ ಅದು ಪ್ರೇಮಗೀತೆ.

ಪ್ಲಗ್ಗು ಕಿತ್ತು ಚುಚ್ಚುವ ಸದ್ದಿನಲ್ಲೇ ತಾಳ ಹಿಡಿದು
ಚೂಡಾಮಣಿ ಮೇಲಿನಿಂದ ಇರೂ ಇರೂ ಎಂದು ಹಕ್ಕಿ ಹಾರಿಸಿದಳು.
ನನಗೆ ಉಳಿದದ್ದು ಕೆಳಗಿನ ಊಂ.
ತಂತಿಕಂಬಕ್ಕೆ ಕಿವಿಯಿಟ್ಟರೆ ಕೇಳುತ್ತಲ್ಲ,
ಅಂಥದ್ದು.

ಮದರಾಸಿನಲ್ಲಿ ಅವರಿಬ್ಬರನ್ನೂ ಎಡಕ್ಕೆ ನಿಲ್ಲಿಸಿ
ನನ್ನೊಬ್ಬಳನ್ನು ಬಲಗಡೆ, ಬೇರೆ ಮೈಕಿಗೆ ಕೂರಿಸಿದರು.
'ಸ್ಟೀರಿಯೋ ಅಮ್ಮಾ' ಅಂದ ಮೆಷಿನ್ನಿನವನು,
ಹೊಸ ಹೆಂಡತಿಯ ಹೆಸರು ಹೇಳುವ ನಾಚಿಕೆಯಲ್ಲಿ.

ಆಮೇಲೆ ಹಾಡಿಗೆ ನಮ್ಮ ಹಂಗು ಉಳಿಯಲಿಲ್ಲ.
ಅರಸೀಕೆರೆಯ ಆರ್ಕೆಸ್ಟ್ರಾದ ಒಬ್ಬ ಗಂಡಸು
ಇರು ಅನ್ನುವುದನ್ನು ಇರುವೆ ಅಂತ ತಿದ್ದಿ
ಕರವಸ್ತ್ರ ಹಿಡಿದು ಅತ್ತ.
ಹಾಸನಾಂಬೆಯ ಬಾಗಿಲು ತೆರೆದ ಒಂದು ವರ್ಷ
ಅದೇ ಮಟ್ಟಿಗೆ ಭಕ್ತಿಗೀತೆ: ಸಾಲಲ್ಲೇ ಇರು ಮನವೇ.
ನಾನೂ ಆ ಸಾಲಲ್ಲೇ ಇದ್ದೆ, ಐದು ಗಂಟೆ,
ನನ್ನದೇ ಹಾಡು ನೆತ್ತಿಯ ಮೇಲಿನ ಗಂಟಲಿನಿಂದ ನನ್ನನ್ನು ಗದರಿಸುತ್ತಿತ್ತು.
ಒಂದು ಬಟ್ಟೆಸೋಪು. ಒಂದು ಚುನಾವಣೆಯ ಆಟೋ.
ಮೊನ್ನೆ ಮೊಮ್ಮಗಳು ಫೋನಿನಲ್ಲಿ ತೋರಿಸಿದಳು:
ಚಿಕ್ಕಮಗಳೂರಿನ ಕಾಫಿ ಅಂಗಡಿಯಲ್ಲಿ ಕಣ್ಣು ಮುಚ್ಚಿದ ಹುಡುಗಿ,
ಗಿಟಾರು, ಜ್ವರ ಬಂದವರ ಹಾಗೆ ನಿಧಾನ.
ಚೆನ್ನಾಗಿಯೇ ಹಾಡಿದಳು, ಸುಳ್ಳು ಹೇಳಲಾರೆ.
ಯಾರ ಹಾಡಿನಲ್ಲೂ ಊಂ ಇರಲಿಲ್ಲ.
ಗೋಡೆ ನೋಡಿದವರು ಪಾಯ ಕೇಳುತ್ತಾರೆಯೇ?

ಎಮಿಲಿಯಾ ದುಬೈಗೆ ಹೋಗಿ ಹಾಡು ಬಿಟ್ಟಳು,
ಕೇಕು ಮಾಡಿದಳು, ಕಾಗದ ಬರೆದಳು, ಬಿಟ್ಟಳು.
ಚೂಡಾಮಣಿ ತೀರಿಕೊಂಡು ಆರು ವರ್ಷ.
ಆ ಬಹುವಚನದೊಳಗೆ ಈಗ ನಾನೊಬ್ಬಳೇ
ಕಾಲು ಚಾಚಿಕೊಂಡು ಇದ್ದೇನೆ.

ಇಷ್ಟಾಗಿ, ಈ ವೈಶಾಖದಲ್ಲಿ ಸಾಲಗಾಮೆ ರಸ್ತೆಯಲ್ಲಿ
ಕೊತ್ತಂಬರಿ ಕೊಂಡು ಬರುತ್ತಿದ್ದೆ. ಎದುರಿಗೆ ಮದುವೆ ಮೆರವಣಿಗೆ,
ಚನ್ನರಾಯಪಟ್ಟಣದ ಬ್ಯಾಂಡು, ಮಾಸಿದ ಜರಿ ಟೋಪಿ.
ಕ್ಲಾರಿಯೋನೆಟ್ಟಿನವನು ಏನೋ ನುಡಿಸುತ್ತಿದ್ದ:
ನಾಲ್ಕೇ ಸ್ವರ, ಮೇಲೇಳದು, ಎಲ್ಲಿಗೂ ಹೋಗದು,
ಕುಣಿಯಲು ಬಂದ ಹುಡುಗರು ಗೊಂದಲಗೊಂಡು ನಿಂತಿದ್ದರು.
ನನ್ನ ಗಂಟಲು ನನಗಿಂತ ಮುಂಚೆ ಗುರುತು ಹಿಡಿಯಿತು.

ಕುದುರೆಗೆ ನೀರು ಕುಡಿಸಲು ನಿಂತಾಗ ಕೇಳಿದೆ,
ಯಾವ ಹಾಡಪ್ಪ ಅದು?
'ಗೊತ್ತಿಲ್ಲಮ್ಮ. ನಮ್ಮಪ್ಪ ಕ್ಯಾಸೆಟ್ಟಿನಿಂದ ಕಲಿತದ್ದು.
ಟೇಪಿನ ಎಡಗಡೆ ಸ್ಪೀಕರು ಸತ್ತಿತ್ತಂತೆ.
ಕೇಳಿದ್ದು ಇಷ್ಟೇ. ಪೂರ್ತಿ ಇಷ್ಟೇ ಅಂದುಕೊಂಡಿದ್ದ.'

ಹೇಳಬಹುದಿತ್ತು. ಹೇಳಲಿಲ್ಲ.
ಇನ್ನೊಂದು ಸಲ ನುಡಿಸು ಅಂತ ಐವತ್ತು ಕೊಟ್ಟೆ.
ನುಡಿಸಿದ. ಎಮಿಲಿಯಾ ಶುರು ಮಾಡಬೇಕಾದ ಕಡೆ
ಜನರೇಟರಿನ ಸದ್ದು, ಯಾರದೋ ಸ್ಕೂಟರು,
ಚೂಡಾಮಣಿಯ ಜಾಗದಲ್ಲಿ ಕುದುರೆಯ ಸೀನು.
ಗಂಡಿನ ಕಡೆಯವರು ಹೊತ್ತಾಯಿತೆಂದು ಕೂಗಿದರು.
ಬ್ಯಾಂಡು ತಿರುವಿನಲ್ಲಿ ಮರೆಯಾಯಿತು;
ನಾನು ಕೊತ್ತಂಬರಿ ಕಟ್ಟನ್ನು ಮೈಕಿನ ಹಾಗೆ ಹಿಡಿದಿದ್ದೆ,
ನೋಡಿ ನಕ್ಕವಳು ಹೂವಿನವಳೊಬ್ಬಳೇ.