ಪಿ.ಪಿ. ಕಾಲ್

ಮುಲುಂಡಿನ ಎರಡನೇ ಮಾಳಿಗೆ, ಫ್ಯಾನು ಕೆಟ್ಟ ಮಧ್ಯಾಹ್ನ.
ಪಕ್ಕದ ಮನೆಯ ಋತುಜಾ ನನ್ನ ಫೋನು ಹಿಡಿದು ಕೂತಿದ್ದಾಳೆ
ಹಿಸ್ಸೆಯಾದ ಮನೆಯಲ್ಲಿ ಪಾತ್ರೆ ಹಂಚುವ ಹಿರಿಯಳ ಹಾಗೆ.
"ಮಾವ್ಶಿ, ಯಾವುದು ಇರಲಿ, ಯಾವುದು ಹೋಗಲಿ?"

ಸೊಸೈಟಿಯ ಗುಂಪು ಇರುವುದು ಇರಲಿ ಅಂದೆ.
ನೀರಿನ ಟ್ಯಾಂಕರ್ ಯಾವಾಗ ಬರುತ್ತದೆಂದು
ಬೇರೆಲ್ಲಿ ಗೊತ್ತಾಗಬೇಕು?
ಅದು ನನ್ನ ನಂಬರಿನ ಪುಸ್ತಕವನ್ನೇ ಕೇಳುತ್ತಿತ್ತಂತೆ:
ಗ್ಯಾಸಿನವನದು, ಹಲ್ಲಿನ ಡಾಕ್ಟರದು, ತೀರಿಕೊಂಡ ಇಬ್ಬರದೂ.
"ಕೊಡಬೇಡಿ," ಎಂದು ಅವಳೇ ಒತ್ತಿದಳು.

ನೀಲಿಯದು ಹೋಗಲಿ.
ಮೊಣಕಾಲು ನೋವೆಂದು ಲಿಫ್ಟಿನಲ್ಲಿ ಪೆಡಣೇಕರ್ ಬಾಯಿಗೆ ಹೇಳಿದೆ,
ಸಂಜೆಗೆ ಅದರಲ್ಲಿ ಮೊಣಕಾಲಿನ ಪಟ್ಟಿ ಮಾರಾಟಕ್ಕೆ ಬಂತು.
ಲಿಫ್ಟಿನಲ್ಲಿ ನಾವಿಬ್ಬರೇ.
ಪೆಡಣೇಕರ್ ಬಾಯಿ ಅಂಥವಳಲ್ಲ.

ಕೆಲಸ ಹುಡುಕುವವರದು ಯಾವಾಗ ತೆರೆದೆನೋ.
ನಿವೃತ್ತಳಾಗಿ ಹದಿನೇಳು ವರ್ಷ, ಅದಿನ್ನೂ
ನೌಕರಿಯ ವಾರ್ಷಿಕೋತ್ಸವಕ್ಕೆ ಅಭಿನಂದಿಸುತ್ತಿದೆ. ಹೋಗಲಿ.

"ಅವರು ಎಲ್ಲ ಕೇಳಿಸಿಕೊಳ್ಳುತ್ತಾರೆ ಮಾವ್ಶಿ."
ಇವಳಿಗೇನು ಗೊತ್ತು,
ಕೇಳಿಸಿಕೊಳ್ಳುವುದೇ ನನ್ನ ಹೊಟ್ಟೆಪಾಡಾಗಿತ್ತು.

ಫೋರ್ಟಿನ ಟ್ರಂಕ್ ಎಕ್ಸ್‌ಚೇಂಜು. ಕಿವಿಗೆ ಹೆಡ್‌ಫೋನು, ಎದೆಗೆ ಕೊಳವೆ,
ಮುಂದೆ ಬೋರ್ಡಿನ ತುಂಬ ತೂತು, ತೂತಿಗೊಂದು ಊರು.
ಸೇರಿದ ದಿನವೇ ಸಹಿ ಮಾಡಿಸಿಕೊಂಡಿದ್ದರು:
ಕಿವಿಗೆ ಬಿದ್ದದ್ದು ಬಾಯಿಗೆ ಬರಕೂಡದು.
ಬರಲಿಲ್ಲ.
ಕಿವಿಗೆ ಬೀಳಕೂಡದೆಂದು ಯಾರೂ ಬರೆದಿರಲಿಲ್ಲ.

ಗುರುವಾರ ರಾತ್ರಿ, ದರ ಇಳಿದ ಹೊತ್ತು,
ಕಾಳಬಾದೇವಿಯ ಹತ್ತಿ ಪೇಢಿಯಿಂದ ಗದಗಕ್ಕೆ ಒಂದು ಪಿ.ಪಿ. ಕಾಲ್.
ಈ ಕಡೆ ಗುಮಾಸ್ತ ಬಸಲಿಂಗ ಕೊಣ್ಣೂರ.
ಆ ಕಡೆ ನೀಲಗಂಗಾ, ಔಷಧದ ಅಂಗಡಿಯ ಫೋನಿಗೆ
ಓಡಿ ಬಂದ ಏದುಸಿರು.
"ಹುಡುಗನ ಕಿವಿ ಸೋರೂದು ನಿಂತತೇನು?"
"ನಿಂತೈತ್ರಿ."
"ಮತ್ತ?"
"ಮತ್ತೇನಿಲ್ಲ."
ಆಮೇಲೆ ದುಡ್ಡು ಕೊಟ್ಟು ಕೊಂಡ ಮೌನ.
ನಡುವೆ ನಾನು: "ಮೂರು ನಿಮಿಷ ಆಯ್ತು, ಮುಂದುವರಿಸಲೇ?"

ಒಂದು ಗುರುವಾರ ಕೇಳಲಿಲ್ಲ.
ಚೀಟಿಯಲ್ಲಿ ಮೂರೆಂದೇ ಬರೆದು ಹನ್ನೊಂದು ನಿಮಿಷ ಬಿಟ್ಟೆ.
ಆ ಹನ್ನೊಂದರಲ್ಲಿ ಅವರು ಆಡಿದ್ದು ಆರೇಳು ಮಾತು.
ಎಲ್ಲ ನೆನಪಿದೆ. ಹೇಳುವುದಿಲ್ಲ.

"ಇನ್ನೊಂದಿದೆಯಲ್ಲ! ಮೋಗ್ರಾ ನಲವತ್ತೇಳು. ಇದು ಯಾರು?"
ಚಹಾಕ್ಕೆ ಹಾಲಿಡುತ್ತೇನೆಂದು ಎದ್ದೆ.

ಮೋಗ್ರಾ ನಾನೇ. ಮುಖದ ಜಾಗದಲ್ಲಿ ಒಂದು ಹೂವು.
ಅಲ್ಲಿಂದ ಒಬ್ಬಳನ್ನೇ ನೋಡುತ್ತೇನೆ,
ಪುಣೆಯ ಕೋಥರೂಡಿನ ಹುಡುಗಿ, ಅಡ್ಡಹೆಸರು ಕೊಣ್ಣೂರ,
ಕಿವಿ ಸೋರುತ್ತಿದ್ದ ಹುಡುಗನ ಮಗಳು.
ಅವಳ ನಾಯಿಗೆ ಜಂತಿನ ಮಾತ್ರೆ ಯಾವತ್ತು, ಗೊತ್ತು.
ಅವಳ ಕೆಲಸ ಹೋದದ್ದು ಅವಳು ಹೇಳುವ ಮುಂಚೆ ಗೊತ್ತು:
ಮಂಗಳವಾರ ಹನ್ನೆರಡು ಗಂಟೆಗೆ
ಮನೆಯ ಕಿಟಕಿಯ ಬಿಸಿಲಿನ ಚಿತ್ರ ಹಾಕಿದ್ದಳು.
ಪಾರ್ಸೆಲ್ ಒಡೆಯುವಾಗ ಡಬ್ಬಿಯ ಮೇಲೆ ಮನೆ ನಂಬರು ಕಂಡಿತು.
ಮರೆಯಲು ನೋಡಿದೆ.
ನಂಬರು ಮರೆಯುವ ತಲೆಯಲ್ಲ ಇದು.

ಅವಳ ಅಜ್ಜ "ಮತ್ತ?" ಅನ್ನುವಾಗ
ತ-ಕಾರವನ್ನು ಎಷ್ಟು ಹೊತ್ತು ಹಿಡಿದಿಡುತ್ತಿದ್ದನೆಂದು
ಅವಳಿಗೆ ತಿಳಿದಿರಲಿಕ್ಕಿಲ್ಲ.
ಬರೆಯಬಹುದಿತ್ತು. ಯಾರೆಂದು ಬರೆಯಲಿ?
ಆ ಕಂಪನಿಗಾದರೂ ಪಟ್ಟಿ ಮಾರುವುದಿತ್ತು.
ನನಗೇನು ಬೇಕಾಗಿತ್ತು?

ಹಾಲು ಉಕ್ಕಿತು.
ಒಲೆ ಒರೆಸಿ, ಕೈ ಒರೆಸಿ, ಹೊರಗೆ ಬಂದು
"ಅದೂ ಹೋಗಲಿ" ಅಂದೆ.
"ಯಾರದು ಅಂತ ಹೇಳಲಿಲ್ಲ."
"ಆಫೀಸಿನವಳೊಬ್ಬಳು."

ಒತ್ತಿದಳು. ಪರದೆಯಲ್ಲಿ ಬಂತು:
ಮೂವತ್ತು ದಿನ ಇಟ್ಟುಕೊಂಡಿರುತ್ತೇವೆ,
ಮನಸ್ಸು ಬದಲಾದರೆ ಬನ್ನಿ.

ಚಹಾ ಕುಡಿದು ಋತುಜಾ ಕ್ಲಾಸಿಗೆ ಹೋದಳು.
ಥಾಣೆ ಕಡೆಯ ಫಾಸ್ಟು ಹಾದು ಕಿಟಕಿಯ ಸರಳು ಅದುರಿತು.
ಬೆರಳು ಮಡಿಸಿ ಎಣಿಸಿದೆ:
ಮೂವತ್ತು ದಿನಕ್ಕೆ ನಾಲ್ಕು ಗುರುವಾರ,
ಇವತ್ತನ್ನೂ ಹಿಡಿದರೆ ಐದು.